ಪ್ರೊಕೋಪಿಸ್ ಓದಿದ ಕಲ್ಲು

ಕಾಟೋ ಪಿಗಾದಿಯ ಪ್ರೊಕೋಪಿಸ್‌ಗೆ ಬಾರದ ಮಾತು ಒಂದೇ ಒಂದು: "ಗೊತ್ತಿಲ್ಲ". ಅರವತ್ತೊಂಬತ್ತು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಿದ್ದದ್ದನ್ನು ಕೇಳಿದ ಒಬ್ಬ ಸಾಕ್ಷಿಯೂ ನಮ್ಮ ಈ ಗ್ರೀಕ್ ದ್ವೀಪದಲ್ಲಿ ಸಿಗುವುದಿಲ್ಲ. ಮೂವತ್ತೈದು ವರ್ಷ ಬಸ್ಸು ಓಡಿಸಿದವನು. "ಆ ಕೋಟೆ ಕಟ್ಟಿಸಿದ್ದು ಯಾರು?" ಎಂದು ಪ್ರವಾಸಿಗಳು ಕೇಳಿದರೆ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಕೋಟೆ ತೋರಿಸಿ, ಒಬ್ಬ ರಾಜನ ಹೆಸರು ಹೇಳುತ್ತಿದ್ದ. ಮರುದಿನದ ಪ್ರವಾಸಿಗಳಿಗೆ ಬೇರೆ ರಾಜ. ಅವನ ಬಸ್ಸಿನಲ್ಲಿ ಕೂತು ಇತಿಹಾಸ ಕಲಿತ ಎಷ್ಟೋ ಸಂಸಾರಗಳು ಡೆನ್ಮಾರ್ಕಿನಲ್ಲಿ ಇವತ್ತಿಗೂ ಒಬ್ಬರನ್ನೊಬ್ಬರು ಒಪ್ಪದೆ ಜಗಳವಾಡುತ್ತಿರಬೇಕು.

ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ ಅದಕ್ಕೂ ಅವನ ಹತ್ತಿರ ಉತ್ತರವಿತ್ತು, ದಿನಕ್ಕೊಂದು.

ಅವನ ಮನೆ ಮತ್ತು ಮಿರ್ಸಿನಿಯ ಮನೆ ಒಂದೇ ಅಂಗಳಕ್ಕೆ ಬಾಗಿಲು ತೆರೆದುಕೊಂಡಿವೆ. ಒಂದು ಬಾವಿ, ಒಂದು ಅಂಜೂರದ ಮರ, ಬೀದಿಗೆ ಒಂದೇ ಗೇಟು. ಮಿರ್ಸಿನಿ ಹಡಗಿನ ಎಂಜಿನ್ ಕೆಲಸದವನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಬಂದರಿನ ಬಾಡಿಗೆ ಮನೆ ಬಿಟ್ಟು, ಅವನ ತಾತ ಕಟ್ಟಿಸಿದ ಈ ಮನೆಗೆ ಬಂದು ಸೇರಿದಳು. ಬಂದು ಮೂವತ್ತೆರಡು ವರ್ಷವಾಯಿತು ಎನ್ನುವುದು ಅವಳ ಲೆಕ್ಕ. ಪ್ರೊಕೋಪಿಸ್ ಮೂವತ್ತೊಂದು ಎನ್ನುತ್ತಿದ್ದ. ಮೊದಲನೆಯ ವರ್ಷ ಅವಳು ಅವನ ಜತೆ ಒಂದು ಮಾತೂ ಆಡಿರಲಿಲ್ಲ, ಆದ್ದರಿಂದ ಅದು ಸೇರುವುದಿಲ್ಲ ಎಂದು ಅವನ ವಾದ. ಈ ಒಂದು ವರ್ಷದ ಸಲುವಾಗಿ ಇಬ್ಬರೂ ವರ್ಷಕ್ಕೆ ಹತ್ತು ಸಲವಾದರೂ ಜಗಳವಾಡುತ್ತಿದ್ದರು.

ಅಂಗಳದ ನಡುವೆ, ಅಂಜೂರದ ಮರದ ಪಕ್ಕಕ್ಕೆ, ಮೊಣಕಾಲೆತ್ತರದ ಒಂದು ದಪ್ಪ ಕಡುಬೂದು ಕಲ್ಲು. ಅದು ಮಿರ್ಸಿನಿಯ ಒಗೆಯುವ ಕಲ್ಲು. ಅವಳ ಚಿಂದಿ ಕಂಬಳಿಗಳು, ಪರದೆಗಳು, ಪ್ರೊಕೋಪಿಸನ ಅಂಗಿಗಳು, ಎಲ್ಲಕ್ಕೂ ಬ್ರಷ್ಷಿನ ಏಟು ಬೀಳುತ್ತಿದ್ದದ್ದು ಅದರ ಮೇಲೆ. ಮಧ್ಯಾಹ್ನ ಒಂದು ಗಂಟೆಗೆ ಅವಳು ಕಲ್ಲು ಒರೆಸಿ ಒಂದು ತಟ್ಟೆ ಇಡುತ್ತಿದ್ದಳು, ಮೇಲೊಂದು ತಟ್ಟೆ ಕವುಚಿ. ಒಳಗೆ ಒಲೆಯಲ್ಲಿ ಬೆಂದ ಕಡಲೆಯೋ, ತುಂಬಿದ ಬದನೆಕಾಯಿಯೋ. ಪ್ರೊಕೋಪಿಸ್ ಬಂದು ತೆಗೆದುಕೊಂಡು ಹೋಗುತ್ತಿದ್ದ. ಸಂಜೆ ತಟ್ಟೆ ತೊಳೆದು ಅದೇ ಕಲ್ಲಿನ ಮೇಲೆ ಇಡುತ್ತಿದ್ದ. ಖಾಲಿ ತಟ್ಟೆ ಹಿಂದಿರುಗಿಸುವ ಮರ್ಯಾದೆಗೆಟ್ಟ ಪದ್ಧತಿ ನಮ್ಮಲ್ಲಿಲ್ಲ. ನಾಲ್ಕು ನಿಂಬೆಹಣ್ಣು, ಇಲ್ಲವೇ ಒಂದು ಹಿಡಿ ಬೂತಾಯಿ ಮೀನು ಇರುತ್ತಿತ್ತು. ಬಾವಿಯ ಹಗ್ಗ ಬದಲಿಸುವುದು, ಅವಳ ಪಿಂಚಣಿಯ ಅರ್ಜಿ ತುಂಬುವುದು, ಹಾವು ಬಂದರೆ ಓಡಿಸುವುದು ಇವನ ಪಾಲು.

"ಅವಳು ನಿನಗೇನಾಗಬೇಕಯ್ಯಾ?" ಎಂದು ಊರು ಕೇಳುತ್ತಿತ್ತು. ಎಲ್ಲಕ್ಕೂ ಉತ್ತರವಿದ್ದ ಮನುಷ್ಯ ಇದೊಂದಕ್ಕೆ "ನೆರೆಯವಳು" ಎಂದು ಹೇಳಿ ಕೆಮ್ಮುತ್ತಿದ್ದ. ಅವಳನ್ನು ಕೇಳಿದರೆ, "ಅವನಾ? ಪಕ್ಕದ ಮನೆ ತಲೆನೋವು" ಎನ್ನುತ್ತಿದ್ದಳು.

ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಫೋತಿಸನ ಕಾಫಿ ಅಂಗಡಿಯಲ್ಲಿ ಟೀವಿ ಹತ್ತಿತ್ತು, ರಸಪ್ರಶ್ನೆ ನಡೆಯುತ್ತಿತ್ತು. ಎರಡು ಜೀವಿಗಳು ಒಂದಕ್ಕೊಂದು ಆತುಕೊಂಡು ಬದುಕುವುದಕ್ಕೆ ವಿಜ್ಞಾನಿಗಳು ಸಿಂಬಿಯೋಸಿಸ್ ಎನ್ನುತ್ತಾರೆ. ನಮ್ಮ ಪುರಾತನರು ಯಾರನ್ನು 'ಸಿಂಬಿಯೋಸ್' ಎಂದು ಕರೆಯುತ್ತಿದ್ದರು, ಎಂದು ಪ್ರಶ್ನೆ. ಸೈನಿಕನನ್ನೋ, ನೆರೆಯವರನ್ನೋ, ಅತಿಥಿಯನ್ನೋ, ಗಂಡ-ಹೆಂಡಿರನ್ನೋ?

"ನೆರೆಯವರು!" ಎಂದು ಪ್ರೊಕೋಪಿಸ್ ಕಾಫಿ ಬಟ್ಟಲು ಕುಟ್ಟಿ ಕೂಗಿದ.

"ಗಂಡ-ಹೆಂಡಿರು" ಎಂದಿತು ಟೀವಿ.

ಅಂಗಡಿಯಲ್ಲಿ ಹನ್ನೆರಡು ಜನ ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಫೋತಿಸ್ ಸುಮ್ಮನಿರುವ ಜಾತಿಯವನಲ್ಲ.

"ಏನ್ ಪ್ರೊಕೋಪಿಸ್, ಕೋಟೆ ವಿಷಯ ಆಯ್ತು, ಈಗ ವ್ಯಾಕರಣಕ್ಕೆ ಕೈ ಹಾಕಿದ್ಯಾ?"

"ಟೀವಿಯವರಿಗೆ ಏನಯ್ಯಾ ಗೊತ್ತು? ಆ ಪದ ನಮ್ಮನೆ ಅಂಗಳದಲ್ಲೇ ಇದೆ. ಒಗೆಯೋ ಕಲ್ಲಿನ ಮೇಲೆ ಕೆತ್ತಿದಾರೆ. ನಮ್ಮ ಪೂರ್ವಜರು ಕೆತ್ತಿಸಿದ್ದು. ನಾನು ದಿನಾ ಓದ್ತೀನಿ."

ನಿಜವೇನೆಂದರೆ ಕಲ್ಲಿನ ಮರದ ಕಡೆಯ ಮಗ್ಗುಲಲ್ಲಿ, ಹಳದಿ-ಬೂದು ಬಣ್ಣದ ಕಲ್ಲುಹೂವಿನ ನಡುವಿನಿಂದ ನಾಲ್ಕೈದು ಹಳೆಯ ಅಕ್ಷರಗಳು ಇಣುಕುತ್ತಿದ್ದವು. ಮರಕ್ಕೆ ಬಟ್ಟೆ ಹಗ್ಗ ಕಟ್ಟುವಾಗ ಪ್ರೊಕೋಪಿಸ್ ಒಮ್ಮೆ ನೋಡಿದ್ದ. ಬೇಲಿಯಲ್ಲಿ ಹೋಗುತ್ತಿದ್ದ ಓತಿಕ್ಯಾತವನ್ನು ಹಿಡಿದು ಕಿವಿಗೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಕ್ಲಿಯಾಂಥಿಸ್ ಮೇಷ್ಟ್ರು ಕನ್ನಡಕ ತೆಗೆದರು. ನಿವೃತ್ತ ಹಳೆಗ್ರೀಕ್ ಮೇಷ್ಟ್ರು. ಅವರು ಕನ್ನಡಕ ತೆಗೆದರೆಂದರೆ ಯಾರಿಗೋ ಕಾದಿದೆ ಎಂದು ಅರ್ಥ. "ನಲವತ್ತು ವರ್ಷ ಈ ಊರಲ್ಲಿ ಪಾಠ ಮಾಡಿದೀನಿ. ಶಾಸನ ಇರೋದು ನನಗೇ ಯಾರೂ ಹೇಳ್ಲಿಲ್ಲ. ನಡಿ, ಈಗಲೇ ನೋಡೋಣ."

ಹೀಗೆ ಹನ್ನೆರಡು ಜನ ಗಂಡಸರು, ಒಂದು ನಾಯಿ, ಅಂಗಡಿಗೆ ಬೀಗವನ್ನೂ ಹಾಕದೆ ಫೋತಿಸ್, ಎಲ್ಲರೂ ಗುಡ್ಡದ ಮೆಟ್ಟಿಲು ಹತ್ತಿದರು. ದಾರಿಯಲ್ಲಿ ಪ್ರೊಕೋಪಿಸನ ಅಕ್ಕ ಹರಿಕ್ಲಿಯಾ, "ಯಾರು ಹೋಗ್ಬಿಟ್ರಪ್ಪಾ?" ಎಂದು ಶಿಲುಬೆ ಗುರುತು ಮಾಡಿಕೊಳ್ಳುತ್ತಾ ಹಿಂದೆ ಬಿದ್ದಳು. ಸತ್ತದ್ದು ಯಾರೂ ಅಲ್ಲ, ಪೂರ್ವಜರು ಸಿಕ್ಕಿದ್ದಾರೆ ಎಂದು ತಿಳಿದಾಗ ಮನೆಗೆ ಓಡಿಹೋಗಿ ಒಳ್ಳೆಯ ಕೋಟು ಹಾಕಿಕೊಂಡು ಬಂದಳು.

ಮಿರ್ಸಿನಿ ಪಾವಡೆ ಮೊಣಕಾಲಿಗೆ ಸಿಕ್ಕಿಸಿಕೊಂಡು ಕಲ್ಲಿನ ಮೇಲೆ ಕಂಬಳಿ ಉಜ್ಜುತ್ತಿದ್ದಳು. ಗೇಟಿನಲ್ಲಿ ಅಷ್ಟು ಜನ ಒಟ್ಟಿಗೆ ನುಗ್ಗಿದ್ದು ಕಂಡು ಬ್ರಷ್ಷು ಎತ್ತಿ ಹಿಡಿದಳು.

"ಏನ್ರೋ ಇದು? ಚುನಾವಣೆನಾ?"

"ಸ್ವಲ್ಪ ಪಕ್ಕಕ್ಕೆ ಸರಿಯಮ್ಮಾ" ಎಂದರು ಮೇಷ್ಟ್ರು, ಮಣ್ಣಿನಲ್ಲಿ ಮಂಡಿಯೂರಿ ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು. ಬೆರಳಿನಿಂದ ತಡವಿದರು. "ಸಿ... ಸಿಂಬಿ... ಅಯ್ಯೋ ದೇವರೇ, ಇದೆ ಕಣ್ರೋ! ನಿಜವಾಗ್ಲೂ ಇದೆ!"

ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಪ್ರೊಕೋಪಿಸ್‌ಗೆ. ಆದರೆ ಕೂಡಲೇ ಎದೆ ಸೆಟೆಸಿ ನಿಂತ.

ಮೇಷ್ಟ್ರಿಗೆ ಹತ್ತು ವರ್ಷದ ಮೇಲೆ ತರಗತಿ ಸಿಕ್ಕಿತ್ತು, ಬಿಡುತ್ತಾರೆಯೇ? "ಸಿನ್ ಅಂದ್ರೆ ಜತೆ, ಬಿಯೋಸ್ ಅಂದ್ರೆ ಬಾಳು. ಯಾರ ಜತೆ ಬಾಳ್ತಾನೋ ಅವರು ಸಿಂಬಿಯೋಸ್. ಹಳಬರು ಗಂಡನ್ನ, ಹೆಂಡತೀನ ಹಾಗೆ ಕರೀತಿದ್ರು. ಆಮೇಲೆ, ನೂರೈವತ್ತು ವರ್ಷದ ಕೆಳಗೆ, ಉತ್ತರದ ಒಬ್ಬ ಜರ್ಮನ್ ಪಂಡಿತ ಇಗೋ ಈ ಕಲ್ಲುಹೂವು ನೋಡ್ದ. ಇದು ಒಂದು ಜೀವಿಯಲ್ಲ, ಎರಡು. ಒಂದು ಬೂಷ್ಟು, ಒಂದು ಹಸಿರು ಪಾಚಿ. ಎರಡೂ ಎಷ್ಟು ಒಂದಾಗಿ ಬದುಕ್ತಾವೆ ಅಂದ್ರೆ ಬೇರೆ ಮಾಡಕ್ಕಾಗಲ್ಲ. ಇದಕ್ಕೇನು ಹೆಸರಿಡೋದು ಅಂತ ಯೋಚಿಸಿ ನಮ್ಮ ಪದ ತಗೊಂಡ."

"ಕೇಳ್ದೇನೇ?" ಎಂದ ಫೋತಿಸ್.

"ಕೇಳೋಕೆ ಯಾರಿದ್ರಯ್ಯಾ? ಪದ ವಿದೇಶಕ್ಕೆ ಹೋಯ್ತು, ಕೋಟು ಟೋಪಿ ಹಾಕ್ಕೊಂಡು ವಾಪಸ್ ಬಂತು. ನಿಮ್ಮ ಚಿಕ್ಕಪ್ಪ ಮೆಲ್ಬರ್ನಿಂದ ಬಂದ ಹಾಗೆ."

ಮಿರ್ಸಿನಿ ಬಗ್ಗಿ ಕಲ್ಲುಹೂವನ್ನು ದಿಟ್ಟಿಸಿದಳು. "ಎರಡು ಜೀವ ಅಂದ್ರಲ್ಲ ಮೇಷ್ಟ್ರೇ, ಅಡುಗೆ ಯಾರು ಮಾಡ್ತಾರೆ?"

"ಹಸಿರು ಪಾಚಿ. ಬಿಸಿಲಲ್ಲಿ ಬೇಯಿಸಿ ಹಾಕೋದು ಅದೇ."

"ಆ ಬೂಷ್ಟು?"

"ಅದು ಸೂರು ಕೊಡತ್ತೆ, ನೀರು ಹಿಡಿದಿಟ್ಕೊಳತ್ತೆ, ಬಂಡೆಗೆ ಅಂಟ್ಕೊಂಡು ಕೂತಿರತ್ತೆ."

"ಕೂತಿರತ್ತೆ" ಎಂದು ಮಿರ್ಸಿನಿ ಪ್ರೊಕೋಪಿಸನ ಕಡೆ ನೋಡಿದಳು. "ಗೊತ್ತಾಯ್ತು ಬಿಡಿ."

ಗಂಡಸರೆಲ್ಲ ಮತ್ತೆ ನಕ್ಕರು. ಆ ನಗುವೇ ಪ್ರೊಕೋಪಿಸನನ್ನು ಕೆಡಿಸಿದ್ದು. ಮೇಷ್ಟ್ರು "ಉಳಿದ ಅಕ್ಷರ ಕಾಣಿಸ್ತಿಲ್ಲ, ನೀನು ದಿನಾ ಓದ್ತೀಯಲ್ಲ, ಏನಿದೆ ಹೇಳು" ಎಂದಾಗ ಕಣ್ಣು ಅರೆಮುಚ್ಚಿ ಗಂಭೀರವಾಗಿ ಹೇಳಿದ: "ಪ್ರೊಕೋಪಿಸ್ ಎಂಬ ಹೆಸರಿನ ನಾನು, ಈ ಊರಿನ ಗಣ್ಯನು, ನನ್ನ ನೆರೆಹೊರೆಯವರ ಉಪಯೋಗಕ್ಕಾಗಿ ನನ್ನ ಈ ಅಂಗಳದಲ್ಲಿ ಈ ಕಲ್ಲನ್ನು ಸ್ಥಾಪಿಸಿದೆನು."

"ನಮ್ಮ ತಾತನ ತಾತನ ತಾತ!" ಎಂದು ಹರಿಕ್ಲಿಯಾ ಕಣ್ಣೊರೆಸಿಕೊಂಡಳು. "ಮೂಗು ನಮ್ಮ ಮನೆಯದೇ."

"ಅಲ್ಲಿ ಮೂಗೇ ಇಲ್ಲವಲ್ಲೇ" ಎಂದ ಫೋತಿಸ್.

"ಇದ್ದಿದ್ರೆ ನಮ್ಮದೇ ಇರ್ತಿತ್ತು."

ಮೇಷ್ಟ್ರು ಎದ್ದು ಮಂಡಿ ಒರೆಸಿಕೊಂಡರು. "ನೀನು ಏನಾದ್ರೂ ಓದ್ಕೋ. ಸಿಂಬಿಯೋಸ್ ಅಂತ ಇಂಥ ಕಲ್ಲಿನ ಮೇಲೆ ಬರೆಯೋದು ಒಂದೇ ಕಡೆ. ಇದು ಗೋರಿ ಕಲ್ಲು."

ಮಿರ್ಸಿನಿಯ ಕೈಯಿಂದ ಬ್ರಷ್ಷು ಕೆಳಗೆ ಬಿತ್ತು.

"ಗೋರಿ ಕಲ್ಲಾ? ಇಷ್ಟು ವರ್ಷ ನಾನು ಸತ್ತೋರ ತಲೆ ಮೇಲೆ ಕಂಬಳಿ ಒಗೆದ್ನಾ? ಇದರ ಮೇಲೆ ಊಟ ಇಟ್ನಾ? ಅಯ್ಯೋ ಕನ್ಯಾಮಾತೆ! ದಿನಾ ಓದ್ತಿದ್ಯಂತಲ್ಲೋ, ಒಂದು ಮಾತು ಹೇಳಬಾರದಾಗಿತ್ತಾ?"

"ಅದು... ಅಷ್ಟು ಸ್ಪಷ್ಟವಾಗಿ..." ಎಂದು ಪ್ರೊಕೋಪಿಸ್ ತಡವರಿಸಿದ.

"ಇಲಾಖೆಗೆ ತಿಳಿಸಬೇಕು. ಕಾನೂನು" ಎಂದು ಮೇಷ್ಟ್ರು ಆಗಲೇ ಫೋನು ತೆಗೆದಿದ್ದರು.

ಪುರಾತತ್ವ ಇಲಾಖೆ! ಆ ಹೆಸರು ಕೇಳಿದರೆ ನಮ್ಮಲ್ಲಿ ಮೊಸರಿಗೆ ಹಾಕಿದ ಹಾಲು ಕೂಡ ಒಡೆದುಹೋಗುತ್ತದೆ. ಫೋತಿಸ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ನಮ್ಮ ಷಡ್ಡಕ ಕಕ್ಕಸು ಗುಂಡಿ ತೋಡಿಸಕ್ಕೆ ಹೋಗಿ ಒಂದು ಮಡಕೆ ಚೂರು ಸಿಕ್ತು. ಬೇಲಿ ಹಾಕಿದ್ರು. ಹದಿನಾಲ್ಕು ವರ್ಷ ಆಯ್ತು. ಬೇಲಿ ಒಳಗೆ ಆಡು ಮರಿ ಹಾಕ್ತಾ ಇದೆ, ಅವನು ಇನ್ನೂ ಪಕ್ಕದ ಮನೆಗೆ ಹೋಗ್ತಾ ಇದಾನೆ."

"ನಮ್ಮ ಅಂಗಳ ಅಗೀತಾರಾ?" ಎಂದಳು ಮಿರ್ಸಿನಿ, ಸಣ್ಣ ದನಿಯಲ್ಲಿ.

"ಪೂರ್ವಜ ಇಲ್ಲೇ ಕಲ್ಲು ಸ್ಥಾಪಿಸಿದ ಅಂತ ಇವನೇ ಓದ್ತಿದಾನಲ್ಲಮ್ಮ. ಅಗೀದೆ ಬಿಡ್ತಾರಾ? ನಟ್ಟನಡುವೆ ತಂತಿ ಬೇಲಿ. ನೀನು ಆ ಕಡೆ, ಇವನು ಈ ಕಡೆ" ಎಂದ ಫೋತಿಸ್.

ಮಿರ್ಸಿನಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹಸಿ ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡು, "ಯಾರೋ ಬಂದು ಬೇಲಿ ಹಾಕೋ ತನಕ ನಾನು ಕಾಯೋಳಲ್ಲ. ಶುಕ್ರವಾರ ಗಾರೆ ಇಗ್ನಾತಿಸನ್ನ ಕರೆಸ್ತೀನಿ. ಅಂಗಳದ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ, ಹಿಂದಿನ ಸಂದಿಗೆ ಬಾಗಿಲು ಒಡೆಸ್ಕೋತೀನಿ. ನೀನು, ನಿನ್ನ ಪೂರ್ವಜರು ಇಲ್ಲೇ ಸುಖವಾಗಿರಿ" ಎಂದು ಹೇಳಿ ಒಳಗೆ ಹೋದಳು.

ಒಂದು ಗಂಟೆಯಾಯಿತು. ಎರಡಾಯಿತು. ಕಲ್ಲಿನ ಮೇಲೆ ತಟ್ಟೆ ಬರಲಿಲ್ಲ.

ಬುಧವಾರವೂ ಬರಲಿಲ್ಲ. ಪ್ರೊಕೋಪಿಸ್ ಒಣ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ, ಆಲಿವ್ ಕಾಯಿ ಕಚ್ಚಿಕೊಂಡು ತಿಂದ. ಹರಿಕ್ಲಿಯಾ ಬೀನ್ಸ್ ಸಾರು ತಂದುಕೊಟ್ಟಳು. ಅವಳ ಅಡುಗೆ ತಿಂದ ಮೇಲೆ ಒಣ ರೊಟ್ಟಿಯ ಬೆಲೆ ಅವನಿಗೆ ಗೊತ್ತಾಯಿತು. ಸಂಜೆ ಯಾವ ತಟ್ಟೆಯೂ ಇಲ್ಲದಿದ್ದರೂ ನಾಲ್ಕು ನಿಂಬೆಹಣ್ಣು ಕಲ್ಲಿನ ಮೇಲಿಟ್ಟು ಬಂದ. ಬೆಳಿಗ್ಗೆ ನಾಲ್ಕೂ ಅಲ್ಲೇ ಇದ್ದವು. ಅದು ಅವನಿಗೆ ಹೊಟ್ಟೆಗಿಂತ ಮೇಲೆ, ಎದೆಯಲ್ಲಿ ಚುಚ್ಚಿತು.

ಕಾಫಿ ಅಂಗಡಿ ಎರಡು ಪಕ್ಷವಾಯಿತು. ಕಲ್ಲು ದೇಶದ್ದು, ದೇಶಕ್ಕೆ ಹೋಗಬೇಕು ಎಂದು ಒಂದು ಪಕ್ಷ. ಕಲ್ಲು ಮಿರ್ಸಿನಿಯದು, ದೇಶ ತನ್ನ ಬಟ್ಟೆ ಬೇರೆ ಕಡೆ ಒಗೆದುಕೊಳ್ಳಲಿ ಎಂದು ಇನ್ನೊಂದು. ಎರಡೂ ಪಕ್ಷದವರು ಪ್ರೊಕೋಪಿಸ್‌ಗೆ ಬೈಯುವುದರಲ್ಲಿ ಒಂದಾಗಿದ್ದರು.

"ಶುಕ್ರವಾರ ಹತ್ತು ಗಂಟೆಗೆ ಇಲಾಖೆಯ ಹೆಂಗಸು ಬರ್ತಾಳಂತೆ" ಎಂದು ಗುರುವಾರ ಬೆಳಿಗ್ಗೆ ಫೋತಿಸ್ ಸುದ್ದಿ ಕೊಟ್ಟ. "ಕಲ್ಲೇ ಕಾಣದ ಹಾಗೆ ಮಾಡ್ಬಿಡು. ಕಾಣದಿದ್ರೆ ಬೇಲಿ ಎಲ್ಲಿ ಹಾಕ್ತಾಳೆ?"

ಹಸಿದ ಮನುಷ್ಯನ ತಲೆಗೆ ಇಂಥ ಸಲಹೆ ಬೇಗ ಹತ್ತುತ್ತದೆ. ಪ್ರೊಕೋಪಿಸ್ ಸುಣ್ಣದ ಡಬ್ಬ ತಂದ. ಕಲ್ಲಿಗೆ ಎರಡು ಸಲ ಸುಣ್ಣ ಹೊಡೆದ. ಕಲ್ಲೊಂದೇ ಬೆಳ್ಳಗಿದ್ದರೆ ಅನುಮಾನ ಬರುತ್ತದೆಂದು ಬಾವಿಕಟ್ಟೆಗೂ ಹೊಡೆದ. ಅಂಜೂರದ ಮರದ ಬುಡಕ್ಕೆ, ಹೂಕುಂಡಗಳಿಗೆ, ಗೇಟಿನ ಮೆಟ್ಟಿಲಿಗೆ, ಕೊನೆಗೆ ಕೈ ನಿಲ್ಲದೆ ನೀರಿನ ಬಕೆಟ್ಟಿಗೂ ಹೊಡೆದ. ನಮ್ಮಲ್ಲಿ ಸುಣ್ಣ ಹೊಡೆಯುವುದು ಈಸ್ಟರ್ ಹಬ್ಬದ ಹಿಂದಿನ ವಾರ. ಏಪ್ರಿಲಿನಲ್ಲಿ ಇಡೀ ಊರು ಬೆಳ್ಳಗಾಗುತ್ತದೆ. ಅಕ್ಟೋಬರಿನಲ್ಲಿ ಸುಣ್ಣ ಹೊಡೆದವನನ್ನು ಊರು ಅದುವರೆಗೆ ಕಂಡಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಪಾದ್ರಿಗಳು ಗೇಟಿನಲ್ಲಿ ನಿಂತು, "ಕ್ರಿಸ್ತ ಎದ್ದು ಬಂದನೇನಪ್ಪಾ? ನನಗೆ ಯಾರೂ ಹೇಳ್ಲೇ ಇಲ್ಲ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರೆಂಬ ಗಾದೆಯಿದೆ. ಇವನು ಯಾರೂ ಕಳ್ಳ ಎನ್ನುವ ಮೊದಲೇ ಹೆಗಲಿಗೆ ಸುಣ್ಣ ಬಳಿದುಕೊಂಡಿದ್ದ.

ಶುಕ್ರವಾರ ಹತ್ತು ಗಂಟೆಗೆ ಇಗ್ನಾತಿಸ್ ಕೈಗಾಡಿಯಲ್ಲಿ ಇಟ್ಟಿಗೆ ತಂದು ಸುರಿದು, ಮಿರ್ಸಿನಿಯ ಬಾಗಿಲ ಮುಂದೆ ಗಾರೆ ಕಲಸತೊಡಗಿದ. ಅದೇ ಹೊತ್ತಿಗೆ ಇಲಾಖೆಯ ವಾಹನ ಬಂತು. ಇಳಿದವಳು ಡಾಫ್ನಿ ಎಂಬ ಮೂವತ್ತರ ಹೆಣ್ಣುಮಗಳು. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಸ್ಪಂಜು. ಅವಳ ಹಿಂದೆ ಕಾಫಿ ಅಂಗಡಿ ಪೂರ್ತಿ ಬಂದಿತ್ತು. ಫೋತಿಸ್ ಈ ಸಲ ಬಟ್ಟಲುಗಳನ್ನೂ ತಟ್ಟೆಯಲ್ಲಿ ಹೊತ್ತು ತಂದಿದ್ದ.

ಡಾಫ್ನಿ ಬೆಳ್ಳನೆಯ ಅಂಗಳ ನೋಡಿದಳು. ಬೆಳ್ಳನೆಯ ಬಕೆಟ್ಟು ನೋಡಿದಳು. "ಯಾರದಾದ್ರೂ ಮದುವೆನಾ?" ಎಂದಳು.

"ಸ್ವಚ್ಛತೆ ಮೇಡಂ" ಎಂದ ಪ್ರೊಕೋಪಿಸ್.

ಅವಳು ನೇರವಾಗಿ ಕಲ್ಲಿನ ಹತ್ತಿರ ಹೋಗಿ ಕೂತಳು. ಒದ್ದೆ ಸ್ಪಂಜಿನಿಂದ ಒಮ್ಮೆ ಸವರಿದಳು. ಮೇಲಿನ ಸುಣ್ಣ ಹೋಯಿತು, ಕೆಳಗೆ ಬೆಂದ ಕಲ್ಲುಹೂವೂ ಸಿಪ್ಪೆಯ ಹಾಗೆ ಎದ್ದು ಬಂತು. ಕೆತ್ತನೆಯ ಒಳಗೆ ಕೂತ ಸುಣ್ಣ ಮಾತ್ರ ಕೂತೇ ಇತ್ತು. ಸಾವಿರದೆಂಟುನೂರು ವರ್ಷ ಹಳೆಯ, ಕಲ್ಲುಹೂವಿನ ಕೆಳಗೆ ಮುಚ್ಚಿಹೋಗಿದ್ದ ಅಕ್ಷರಗಳು ಶಾಲೆಯ ಹಲಗೆಯ ಮೇಲೆ ಬರೆದಂತೆ ಎದ್ದು ನಿಂತವು. ಇಷ್ಟು ಚೆನ್ನಾಗಿ ಬಚ್ಚಿಟ್ಟ ಶಾಸನವನ್ನು ಗೇಟಿನ ಹೊರಗೆ ನಿಂತ ಪಾದ್ರಿಗಳೂ ಕನ್ನಡಕವಿಲ್ಲದೆ ನೋಡಬಹುದಾಗಿತ್ತು.

"ಅಯ್ಯೋ, ಕಲ್ಲುಹೂವು ಸುಟ್ಟುಹಾಕಿದೀರಲ್ಲ" ಎಂದು ಡಾಫ್ನಿ ಲೊಚಗುಟ್ಟಿದಳು. "ಇರ್ಲಿ. ಮೊದಲು ಕಾಗದದ ಕೆಲಸ. ಪ್ರೊಕೋಪಿಸ್ ಯಾರು?"

ಹನ್ನೆರಡು ಬೆರಳುಗಳು ಅವನನ್ನು ತೋರಿಸಿದವು.

"ದೂರಿನಲ್ಲಿ ಬರೆದಿದಾರೆ: ಕಲ್ಲು ನಿಮ್ಮ ಪೂರ್ವಜರದು, ಅವರೇ ಈ ಜಾಗದಲ್ಲಿ ನಿಲ್ಲಿಸಿದ್ದು, ನೀವು ಪೂರ್ತಿ ಓದಿದೀರಿ. ಇದು ನಿಜಾನಾ? ಇಲ್ಲೇ ನಿಲ್ಲಿಸಿದ್ದು ಅಂದ್ರೆ ಕೆಳಗೆ ಗೋರಿ ಇರ್ಬೇಕು. ಬೇಲಿ ಹಾಕಿ ಅಗೆದು ನೋಡ್ಬೇಕಾಗತ್ತೆ. ಯೋಚನೆ ಮಾಡಿ ಹೇಳಿ, ನಿಮ್ಮ ಮಾತು ಬರ್ಕೋತೀನಿ."

ಹರಿಕ್ಲಿಯಾ ತಮ್ಮನ ತೋಳು ಗಿಲ್ಲಿದಳು. "ಹೇಳೋ! ಪೇಪರಲ್ಲಿ ನಮ್ಮ ಹೆಸರು ಬರತ್ತೆ!"

ಪ್ರೊಕೋಪಿಸ್ ಮಿರ್ಸಿನಿಯ ಬಾಗಿಲ ಕಡೆ ನೋಡಿದ. ಅವಳು ಹೊಸ್ತಿಲಲ್ಲಿ ಕೈಕಟ್ಟಿಕೊಂಡು ನಿಂತಿದ್ದಳು. ಅವಳ ಕಾಲ ಬಳಿ ಇಟ್ಟಿಗೆಯ ಗುಡ್ಡೆ. ಹಣೆಯಲ್ಲಿ ಬೆವರು ಇಳಿಯಿತು. ಬೆಟ್ಟದ ದಾರಿಯಲ್ಲಿ ಬಸ್ಸಿನ ಬ್ರೇಕು ಹೋದ ದಿನವೂ ಅವನು ಇಷ್ಟು ಬೆವತಿರಲಿಲ್ಲ.

"ಗೊ..." ಎಂದ.

"ಏನಂದ್ರಿ?"

"ಗೊತ್ತಿಲ್ಲ" ಎಂದ ಪ್ರೊಕೋಪಿಸ್. "ನನಗೆ ಏನೂ ಗೊತ್ತಿಲ್ಲ ಮೇಡಂ. ಹಳೆ ಅಕ್ಷರ ಓದಕ್ಕೆ ಬರಲ್ಲ. ಪೂರ್ವಜನೂ ಇಲ್ಲ, ಗೀರ್ವಜನೂ ಇಲ್ಲ. ಸುಳ್ಳು ಹೇಳ್ದೆ. ಕೋಟೆ ವಿಷಯ ಹೇಳಿದ್ದೂ ಸುಳ್ಳೇ. ಅಂಗಳ ಮಾತ್ರ ಅಗೀಬೇಡಿ."

ಫೋತಿಸನ ಕೈಯಿಂದ ಒಂದು ಬಟ್ಟಲು ಜಾರಿ ಒಡೆಯಿತು. ಪಾದ್ರಿಗಳು ಶಿಲುಬೆ ಗುರುತು ಮಾಡಿಕೊಂಡರು. "ನಮ್ಮಮ್ಮನ ಹೊಟ್ಟೇಲಿ ಹುಟ್ಟಿ ಹೀಗೆ ಹೇಳ್ತೀಯಲ್ಲೋ" ಎಂದು ಹರಿಕ್ಲಿಯಾ ಕೋಟಿನ ಗುಂಡಿ ಬಿಚ್ಚಿದಳು.

ಆಗ ಹೊಸ್ತಿಲಿನಿಂದ ಮಿರ್ಸಿನಿಯ ದನಿ ಬಂತು. "ಆ ಕಲ್ಲು ಇಲ್ಲಿಯದಲ್ಲ ಕಣಮ್ಮ. ನಮ್ಮೆಜಮಾನರ ತಾತ ಬೆಟ್ಟದ ಆಚೆಯಿಂದ ಹೇಸರಗತ್ತೆ ಕಟ್ಟಿ ಎಳೆಸ್ಕೊಂಡು ಬಂದಿದ್ದು. ದ್ರಾಕ್ಷಿ ಗಾಣದ ಕೆಳಗೆ ಇಡೋದಕ್ಕೆ. ಗಾಣ ಹೋಯ್ತು, ಕಲ್ಲು ಉಳೀತು. ಹಿಂದುಗಡೆ ನೋಡು, ಗಾಣ ಕೂರಿಸಿದ ಗುಳಿ ಇದೆ."

ಡಾಫ್ನಿ ಹಿಂದೆ ಹೋಗಿ ತಡವಿ ನೋಡಿದಳು. ಗುಳಿ ಇತ್ತು. "ಹಾಗಾದ್ರೆ ಅಗೆಯೋ ಪ್ರಶ್ನೆನೇ ಇಲ್ಲ. ಇದನ್ನ ಮೊದಲೇ ಹೇಳಬಾರದಾಗಿತ್ತಾ ಅಮ್ಮಾ?"

"ನನ್ನನ್ನ ಯಾರು ಕೇಳಿದ್ರು? ಎಲ್ಲರೂ ಅವನನ್ನೇ ಕೇಳ್ತಿದ್ರಲ್ಲ."

ಮೇಷ್ಟ್ರು ಫೈಲಿನ ಕಡೆ ನೋಡದೆ ಅಂಜೂರದ ಎಲೆಗಳನ್ನು ಎಣಿಸತೊಡಗಿದರು.

"ಈಗ ಓದಮ್ಮಾ" ಎಂದಳು ಮಿರ್ಸಿನಿ. "ಇಷ್ಟು ವರ್ಷ ಯಾರ ಮೇಲೆ ಬಟ್ಟೆ ಒಗೆದೆ ಅಂತ ತಿಳ್ಕೋತೀನಿ."

ಡಾಫ್ನಿ ಬೆರಳಿಟ್ಟು ಒಂದೊಂದೇ ಪದ ಓದಿದಳು. "ಫಿಲೋಕ್ರಾತಿಸ್, ತನ್ನ ಸಿಂಬಿಯೋಸ್ ಖ್ರಿಸ್ತಿಗೆ. ಇಪ್ಪತ್ತೊಂಬತ್ತು ವರ್ಷ ಜತೆಯಲ್ಲಿ ಬಾಳಿ, ಒಂದು ದಿನವೂ ಜಗಳವಾಡದವಳ ನೆನಪಿಗೆ."

ಎಲ್ಲರೂ ತಲೆ ತಗ್ಗಿಸಿದರು. ಫೋತಿಸ್ ಮೂಗು ಒರೆಸಿಕೊಂಡ. ಮಿರ್ಸಿನಿ ಮಾತ್ರ ಕೈ ಬಿಚ್ಚಿ ಸೊಂಟಕ್ಕೆ ಇಟ್ಟುಕೊಂಡಳು.

"ಒಂದು ದಿನಾನೂ?"

"ಹಾಗೇ ಇದೆ."

"ಇಪ್ಪತ್ತೊಂಬತ್ತು ವರ್ಷದಲ್ಲಿ?"

"ಹೌದಮ್ಮಾ."

"ಈ ಪ್ರೊಕೋಪಿಸನ ಪೂರ್ವಜನೇ ಇರ್ಬೇಕು ಬಿಡು, ಎಂಥಾ ಸುಳ್ಳು! ಅವಳ ಮಾತು ಯಾವ ಮಗ್ಗುಲಲ್ಲಿ ಬರ್ದಿದೆ, ಅದನ್ನ ಓದು."

"ಬೇರೆ ಮಗ್ಗುಲು ಖಾಲಿ ಅಮ್ಮಾ."

"ಗೊತ್ತಿತ್ತು" ಎಂದಳು ಮಿರ್ಸಿನಿ. ಕಲ್ಲಿನ ಹತ್ತಿರ ಬಂದು ಬಗ್ಗಿ, ತನ್ನ ಪಾವಡೆಯ ಅಂಚಿನಿಂದ ಅದರ ಮೇಲ್ಭಾಗ ಒಮ್ಮೆ ಒರೆಸಿದಳು. "ಕ್ಷಮಿಸಮ್ಮಾ ಖ್ರಿಸ್ತಿ. ಕಂಬಳಿ ಸ್ವಲ್ಪ ಜೋರಾಗೇ ಉಜ್ಜಿದೀನಿ" ಎಂದವಳು ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆರು ಜನ ಸೇರಿ ಕಲ್ಲನ್ನು ಮ್ಯೂಸಿಯಮ್ಮಿಗೆಂದು ಇಲಾಖೆಯ ವಾಹನಕ್ಕೆ ಏರಿಸಿದರು. ಅಂಗಳದ ನಡುವೆ ಒಂದು ಖಾಲಿ ಚೌಕ ಉಳಿಯಿತು. ಅದರಲ್ಲಿ ಹಸಿ ಮಣ್ಣು, ನಾಲ್ಕು ಎರೆಹುಳು. ಇಲಾಖೆ ಹೋಯಿತು, ಇಲಾಖೆಯ ಹಿಂದೆ ಕಾಫಿ ಅಂಗಡಿ ಹೋಯಿತು. ಪ್ರೊಕೋಪಿಸ್ ಬೆಳ್ಳನೆಯ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ.

"ಏನಪ್ಪಾ ಸಮಾಚಾರ?" ಎಂದ ಇಗ್ನಾತಿಸ್, ಕರಣೆ ಹಿಡಿದು ನಿಂತೇ. "ಗಾರೆ ಗಟ್ಟಿ ಆಗ್ತಿದೆ. ಬಾಗಿಲು ಮುಚ್ಚೋದೋ ಬಿಡೋದೋ? ಆ ಅಮ್ಮ ಬಾಯೇ ಬಿಡ್ತಿಲ್ಲ."

"ಗೊತ್ತಿಲ್ಲ" ಎಂದ ಪ್ರೊಕೋಪಿಸ್. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಸ್ವಲ್ಪ ಹೊತ್ತು ಗಾರೆಯ ಗುಡ್ಡೆ ನೋಡಿದ. ಖಾಲಿ ಚೌಕ ನೋಡಿದ. ಎದ್ದ.

"ಇಟ್ಟಿಗೆ ಇಲ್ಲಿಗೆ ತಾ. ಮೊಣಕಾಲೆತ್ತರ ಕಟ್ಟು. ಮೇಲೆ ಗಾರೆ ಹಾಕಿ ನುಣ್ಣಗೆ ತಿಕ್ಕು. ಕಂಬಳಿ ಅಗಲ ಬರ್ಬೇಕು."

ಬಾಗಿಲಿಗೆಂದು ತಂದ ಇಟ್ಟಿಗೆಯೆಲ್ಲ ಅಂಗಳದ ನಡುವೆ ಎದ್ದು ನಿಂತಿತು. ಇಗ್ನಾತಿಸ್ ಕೈ ತೊಳೆದುಕೊಳ್ಳಲು ಬಾವಿಗೆ ಹೋದಾಗ ಪ್ರೊಕೋಪಿಸ್ ಒಂದು ಉದ್ದನೆಯ ಮೊಳೆ ಹುಡುಕಿ ತಂದ. ಮರದ ಕಡೆಯ ಮಗ್ಗುಲಿಗೆ ಹಸಿ ಗಾರೆ ಬಳಿದು, ನಾಲಿಗೆ ಕಚ್ಚಿಕೊಂಡು ಬರೆಯತೊಡಗಿದ. ಅವನಿಗೆ ಬರುತ್ತಿದ್ದದ್ದು ಬಸ್ಸಿನ ಬೋರ್ಡಿನ ದಪ್ಪ ಅಕ್ಷರ ಮಾತ್ರ. ಅದರಲ್ಲೇ ಬರೆದ.

ಬಾಗಿಲು ತೆರೆದ ಸದ್ದಾಯಿತು. ಮಿರ್ಸಿನಿ ಬಂದಳು. ಕೈಯಲ್ಲಿ ತಟ್ಟೆ, ಮೇಲೊಂದು ತಟ್ಟೆ ಕವುಚಿತ್ತು. ಒಲೆಯಲ್ಲಿ ಬೆಂದ ಕಡಲೆಯ ವಾಸನೆ ಮೂರು ದಿನ ಒಣ ರೊಟ್ಟಿ ತಿಂದಿದ್ದವನ ಮೂಗಿಗೆ ಬಡಿಯಿತು. ಆದರೆ ಅವನು ತಲೆ ಎತ್ತಲಿಲ್ಲ, ಎತ್ತಲು ಧೈರ್ಯವಿರಲಿಲ್ಲ.

"ಮತ್ತೆ ಏನು ಗೀಚ್ತಿದೀಯ?" ಎಂದು ಅವಳು ಕೊರಳಿಗೆ ನೇತುಹಾಕಿದ್ದ ಕನ್ನಡಕ ಏರಿಸಿ ಬಗ್ಗಿದಳು.

ಹೀಗೆ ಬರೆದಿತ್ತು: ಪ್ರೊಕೋಪಿಸ್, ತನ್ನ ಸಿಂಬಿಯೋಸ್ ಮಿರ್ಸಿನಿಗೆ. ಮೂವತ್ತೊಂದು ವರ್ಷ ಜತೆಯಲ್ಲಿ ಬಾಳಿ, ಒಂದು ದಿನವೂ ಜಗಳ ಬಿಡದವಳಿಗೆ.

ಅವಳು ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಬಾವಿಯ ಹತ್ತಿರ ಇಗ್ನಾತಿಸ್ ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ.

"ನಾನಿನ್ನೂ ಸತ್ತಿಲ್ಲ" ಎಂದಳು.

"ಗೊತ್ತು. ಅದಕ್ಕೇ ಈಗಲೇ ಬರೆದೆ."

ಮಿರ್ಸಿನಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಒರೆಸುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ತಪ್ಪು ಬರ್ದಿದೀಯ. ಮೂವತ್ತೆರಡು."

"ಮೊದಲನೇ ವರ್ಷ ನೀನು ನನ್ನ ಜತೆ ಮಾತೇ ಆಡ್ಲಿಲ್ಲ."

"ಮಾತಾಡದೆ ಇದ್ದಿದ್ದು ಯಾರ ಜತೆ? ನಿನ್ನ ಜತೆ ತಾನೇ?" ಎಂದು ಅವಳು ತಟ್ಟೆಯನ್ನು ಅವನ ಕೈಗೇ ಕೊಟ್ಟಳು, ಇಡಲು ಬೇರೆ ಜಾಗವಿರಲಿಲ್ಲ. "ಗಾರೆ ಒಣಗೋದ್ರೊಳಗೆ ತಿದ್ದು."